ಯಂತ್ರಲಿಪಿಕಾರನೂ ಪಾಠಶುದ್ಧಿಯೂ

ಹಸ್ತಪ್ರತಿಯನ್ನು ಓದುವುದು ಬೇರೆ, ಅದರಿಂದ ಪ್ರತಿ ಎತ್ತುವುದು ಬೇರೆ. ಓದುವವನು ಅರ್ಥವನ್ನು ಬಯಸುತ್ತಾನೆ. ಪ್ರತಿ ಎತ್ತುವವನು ಆ ಬಯಕೆಯನ್ನು ತುಸು ಅದುಮಿಟ್ಟುಕೊಂಡು, ಗರಿಯ ಮೇಲೆ ಇದ್ದುದನ್ನು ಇದ್ದಂತೆಯೇ ಇಳಿಸಿಕೊಳ್ಳಬೇಕಾಗುತ್ತದೆ. ಈ ಎರಡು ಕೆಲಸಗಳನ್ನು ಒಬ್ಬನೇ ಮನುಷ್ಯನು ಒಂದೇ ಹೊತ್ತಿನಲ್ಲಿ ಮಾಡಬೇಕಾಗಿರುವುದೇ ಗ್ರಂಥಸಂಪಾದನೆಯ ಬಹುಪಾಲು ತೊಡಕುಗಳಿಗೆ ಮೂಲ. ಈಗ ಈ ಕೆಲಸಕ್ಕೆ ಯಂತ್ರವೂ ಬಂದಿದೆ. ಹಸ್ತಪ್ರತಿಯ ಛಾಯಾಚಿತ್ರವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಅದರ ತಂತ್ರಾಂಶವು ತಾನೇ ಸಾಲುಗಳನ್ನು ಗುರುತಿಸಿ, ಅಕ್ಷರಗಳನ್ನು ಓದಿ, ಅಚ್ಚಿನ ರೂಪದಲ್ಲಿ ಪ್ರತಿಯನ್ನು ಮುಂದಿಡುತ್ತದೆ. ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳ ಅಧ್ಯಯನದಲ್ಲಿ ಇದು ಈಗಾಗಲೇ ರೂಢಿಗೆ ಬಂದಿರುವ ಸಾಧನ. ನಮ್ಮಲ್ಲಿಯೂ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾಯಿತು. 2025ರ ಕೇಂದ್ರ ಆಯವ್ಯಯದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯನ್ನು ಉದ್ದೇಶಿಸಿದ ಜ್ಞಾನ ಭಾರತಂ ಯೋಜನೆಯು ಘೋಷಿತವಾಯಿತು. ಓಲೆಗಳ ಛಾಯಾಚಿತ್ರಗಳು ರಾಶಿ ಬಿದ್ದ ಮೇಲೆ ಅವುಗಳನ್ನು ಓದುವವರು ಯಾರು ಎಂಬ ಪ್ರಶ್ನೆ ಏಳುವುದು ಸಹಜ. ಆಗ ಯಂತ್ರದ ಕಡೆಗೆ ಕೈ ಚಾಚುವುದೂ ಅಷ್ಟೇ ಸಹಜ. ಆದ್ದರಿಂದ ಪಶ್ಚಿಮದವರ ಅನುಭವವನ್ನು ಮೊದಲು ಪರಾಮರ್ಶಿಸಿ, ಅನಂತರ ನಮ್ಮ ವಚನದ ಓಲೆಗಳತ್ತ ಬರುವುದು ಉಚಿತವೆಂದು ತೋರುತ್ತದೆ.

ರೋಮಿನ ವ್ಯಾಟಿಕನ್ ಪತ್ರಾಗಾರವು ಕ್ರೈಸ್ತಮಠದ ಭಂಡಾರಗಳಲ್ಲೆಲ್ಲ ದೊಡ್ಡದೆಂದು ಹೆಸರಾದದ್ದು. ಅದರ ಕಪಾಟುಗಳ ಸಾಲನ್ನು ಒಟ್ಟುಗೂಡಿಸಿದರೆ ಸುಮಾರು 85 ಕಿಲೋಮೀಟರು ಉದ್ದವಾಗುತ್ತದೆಂದು ಹೇಳುತ್ತಾರೆ. 1881ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರು ವಿದ್ವಾಂಸರಿಗೆ ಅದರ ಬಾಗಿಲು ತೆರೆದರು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಬರಹವು ತೆರೆದುಕೊಳ್ಳುವುದಿಲ್ಲವಷ್ಟೆ. ಈ ಭಂಡಾರದಲ್ಲಿರುವ ಹದಿಮೂರನೆಯ ಶತಮಾನದ ಪೋಪರ ಪತ್ರವ್ಯವಹಾರದ ಪುಸ್ತಕಗಳನ್ನು ಓದಿಸುವುದಕ್ಕಾಗಿ ರೋಮಾ ತ್ರೆ ವಿಶ್ವವಿದ್ಯಾಲಯದವರು ಪತ್ರಾಗಾರದ ಲಿಪಿತಜ್ಞರೊಡನೆ ಸೇರಿ 'ಇನ್ ಕೋದಿಚೆ ರಾತ್ಸಿಯೊ' ಎಂಬ ಕಾರ್ಯವನ್ನು ಕೈಗೊಂಡರು. 2018ರ ವೇಳೆಗೆ ಅದರ ಮೊದಲ ಫಲಗಳು ಲೋಕಕ್ಕೆ ತಿಳಿದುಬಂದವು.

ಅವರಿಗೆ ಎದುರಾದ ತೊಡಕು ಎಂಥದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು. ಆ ಕಾಲದ ಲ್ಯಾಟಿನ್ ಬರವಣಿಗೆಯಲ್ಲಿ ಇ, ಎಮ್, ಎನ್, ಉ ಎಂಬ ಅಕ್ಷರಗಳೆಲ್ಲವೂ ಒಂದೇ ತೆರನಾದ ನೆಟ್ಟನೆಯ ಗೀಟುಗಳಿಂದ ಆದವು. ಇ ಎಂದರೆ ಒಂದು ಗೀಟು, ಎನ್ ಮತ್ತು ಉ ಎಂದರೆ ಎರಡು, ಎಮ್ ಎಂದರೆ ಮೂರು. 'ಮಿನಿಮುಮ್' ಎಂಬ ಏಳಕ್ಷರದ ಲ್ಯಾಟಿನ್ ಶಬ್ದವನ್ನು ಬರೆದರೆ ಒಂದರ ಪಕ್ಕದಲ್ಲೊಂದು ಹದಿನೈದು ಗೀಟುಗಳು ಬೇಲಿಯಂತೆ ನಿಲ್ಲುತ್ತವೆ. ಎಲ್ಲಿ ಒಂದಕ್ಷರ ಮುಗಿದು ಇನ್ನೊಂದು ಮೊದಲಾಯಿತೆಂಬುದನ್ನು ಕಣ್ಣು ಹೇಳಲಾರದು. ಭಾಷೆ ಬಲ್ಲ ಮನಸ್ಸು ಹೇಳಬೇಕು. ಇದರ ಮೇಲೆ ಸಂಕ್ಷೇಪಚಿಹ್ನೆಗಳ ಕಾಟ ಬೇರೆ. ಪ ಕಾರದ ಇಳಿಗೀಟಿಗೆ ಅಡ್ಡಲಾಗಿ ಒಂದು ಗೆರೆ ಹಾಕಿದರೆ 'ಪೆರ್', ಅದೇ ಗೆರೆ ಎಡಕ್ಕೆ ಬಾಗಿದರೆ 'ಪ್ರೊ', ತಲೆಯ ಮೇಲೆ ಬಂದರೆ 'ಪ್ರೆ'. ಇಟಲಿಯ ಕಾಪೆಲ್ಲಿ ಎಂಬ ವಿದ್ವಾಂಸನು 1899ರಲ್ಲಿ ಪ್ರಕಟಿಸಿದ ಸಂಕ್ಷೇಪಕೋಶದಲ್ಲಿ ಇಂಥವು ಸುಮಾರು 14,000 ಇವೆ.

ರೋಮಿನವರು ಅಕ್ಷರಗಳನ್ನು ಬಿಡಿಸುವ ಗೊಡವೆಗೆ ಹೋಗದೆ, ಬರವಣಿಗೆಯನ್ನು ಗೀಟು ಗೀಟಾಗಿ ತುಂಡರಿಸಿದರು. ಪಕ್ಕಪಕ್ಕದ ಒಂದೆರಡು ಮೂರು ತುಂಡುಗಳನ್ನು ಜೋಡಿಸಿ, ಆ ಜೋಡಣೆ ಯಾವ ಅಕ್ಷರವನ್ನು ಹೋಲುತ್ತದೆಂದು ಯಂತ್ರವನ್ನು ಕೇಳಿದರು. ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿದವರು ಇಟಲಿಯ 24 ಶಾಲೆಗಳ 120 ಮಂದಿ ವಿದ್ಯಾರ್ಥಿಗಳು. ಈ ಮಕ್ಕಳು ಲ್ಯಾಟಿನ್ ಬಲ್ಲವರಾಗಬೇಕೆಂಬ ನಿಯಮವಿರಲಿಲ್ಲ. ಲಿಪಿತಜ್ಞರು ಅಕ್ಷರದ ಮಾದರಿಯನ್ನೂ ಅದರಂತೆ ತೋರುವ ಹುಸಿ ಮಾದರಿಯನ್ನೂ ಮುಂದಿಟ್ಟರು; ಮಕ್ಕಳು ಇದು ಹೌದು, ಇದು ಅಲ್ಲ ಎಂದು ಗುರುತು ಹಾಕುತ್ತ ಹೋದರು. ಹೀಗೆ ಕಲಿತ ಯಂತ್ರವು ಒಂದು ಶಬ್ದಕ್ಕೆ ಹಲವು ಓದುಗಳನ್ನು ಸೂಚಿಸುತ್ತಿತ್ತು. ಆಗ ಎರಡನೆಯ ಹಂತದಲ್ಲಿ, ಮೊದಲೇ ಅಚ್ಚಾಗಿದ್ದ ಲ್ಯಾಟಿನ್ ಗ್ರಂಥಗಳಿಂದ ಎಣಿಕೆ ಮಾಡಿ ಯಾವ ಅಕ್ಷರದ ಮುಂದೆ ಯಾವುದು ಬರುವುದು ವಾಡಿಕೆ ಎಂಬುದನ್ನು ತಿಳಿದು, ವಾಡಿಕೆಗೆ ಸಲ್ಲದ ಓದುಗಳನ್ನು ಕಳೆದುಹಾಕುತ್ತಿದ್ದರು. ಬಂದ ಫಲವೇನು? ಅಕ್ಷರಗಳಲ್ಲಿ ನೂರಕ್ಕೆ 96 ಸರಿ. ಆದರೆ ಶಬ್ದಗಳಲ್ಲಿ ಮೂರರಲ್ಲೊಂದು ಪಾಲಿಗೆ ಒಂದಾದರೂ ತಪ್ಪು.

ಈ ಕಾರ್ಯವನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಮಠದ ಭಂಡಾರವೊಂದು ತನ್ನ ಸಂಪತ್ತನ್ನು ಓದಿಸಲು ಶಾಲೆಯ ಮಕ್ಕಳನ್ನು ಸೇರಿಸಿಕೊಂಡ ಬಗೆಯೇ ಸ್ತುತ್ಯರ್ಹವಾದುದು. ಆದರೆ ವಿಮರ್ಶಕನ ಕಣ್ಣು ನೆಡಬೇಕಾದುದು ಆ ಎರಡು ಹಂತಗಳ ಮೇಲೆ. ನಮ್ಮ ಗ್ರಂಥಸಂಪಾದನಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯ ಹಂತದ ಯಂತ್ರವು ಅಜ್ಞ ಲಿಪಿಕಾರ, ಎರಡನೆಯ ಹಂತದ ಯಂತ್ರವು ಪಂಡಿತ ಲಿಪಿಕಾರ.

ಈ ಇಬ್ಬರಲ್ಲಿ ಯಾರನ್ನು ನಂಬಬೇಕೆಂಬುದು ಸಂಪಾದಕರಿಗೆ ಹಳೆಯ ಪ್ರಶ್ನೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' (1964), ಎಂ. ಎಂ. ಕಲಬುರ್ಗಿಯವರ 'ಕನ್ನಡ ಗ್ರಂಥಸಂಪಾದನ ಶಾಸ್ತ್ರ' (1972) ಇವುಗಳನ್ನು ಪಾಠ ಮಾಡಿಕೊಂಡ ವಿದ್ಯಾರ್ಥಿಗೆ ಇದು ಹೊಸದಲ್ಲ. ಏನೂ ತಿಳಿಯದವನು ತನಗೆ ಅರ್ಥವಾಗದ ಶಬ್ದವನ್ನು ಅಡ್ಡಾದಿಡ್ಡಿಯಾಗಿ ಬರೆಯುತ್ತಾನೆ. ಅದು ತಪ್ಪೆಂಬುದು ನೋಡಿದೊಡನೆ ತಿಳಿಯುತ್ತದೆ. ಆ ತಪ್ಪಿನ ಎಲುಬುಗೂಡಿನೊಳಗೆ ಮೂಲದ ಆಕಾರವೂ ಉಳಿದಿರುತ್ತದೆ. ಅಲ್ಪಸ್ವಲ್ಪ ತಿಳಿದವನು ಹಾಗಲ್ಲ. ಅಪರೂಪದ ಶಬ್ದ ಕಂಡೊಡನೆ ಅದು ಹಿಂದಿನವನ ಪ್ರಮಾದವೆಂದು ಭಾವಿಸಿ, ತಾನು ಬಲ್ಲ ಶಬ್ದವನ್ನು ಅಲ್ಲಿ ಕೂರಿಸಿಬಿಡುತ್ತಾನೆ. ಪಾಠ ಸುಗಮವಾಗುತ್ತದೆ, ಅರ್ಥ ಹೊಂದುತ್ತದೆ, ಛಂದಸ್ಸೂ ಕೆಡದಿರಬಹುದು. ಮೂಲ ಮಾತ್ರ ಸುಳಿವಿಲ್ಲದೆ ಹೋಗಿರುತ್ತದೆ. ಕ್ಲಿಷ್ಟವಾದ ಪಾಠವೇ ಪ್ರಾಚೀನವೆಂದು ತಿಳಿಯಬೇಕೆಂಬ ಸೂತ್ರವನ್ನು ಹದಿನೆಂಟನೆಯ ಶತಮಾನದಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಸಂಪಾದಿಸಿದ ಜರ್ಮನಿಯ ಬೆಂಗೆಲ್ ಸ್ಪಷ್ಟಪಡಿಸಿದುದು ಇಂಥ ಪಂಡಿತ ಲಿಪಿಕಾರರ ಕೈಚಳಕವನ್ನು ಕಂಡೇ.

ಈಗ ವಿಚಾರ ಮಾಡಬೇಕು. ವಾಡಿಕೆಯ ಎಣಿಕೆಯಿಂದ ಓದನ್ನು ಆರಿಸುವ ಯಂತ್ರವು ಬೆಂಗೆಲ್ಲನ ಸೂತ್ರಕ್ಕೆ ನೇರ ವಿರುದ್ಧವಾಗಿ ನಡೆಯುತ್ತದೆ. ಎರಡು ಓದುಗಳು ಸಾಧ್ಯವಿದ್ದಲ್ಲಿ ಸಂಪಾದಕನು ಅಪರೂಪವಾದುದರ ಮುಂದೆ ನಿಂತು ಯೋಚಿಸುತ್ತಾನೆ. ಯಂತ್ರವು ಹೆಚ್ಚು ಬಳಕೆಯಲ್ಲಿರುವುದನ್ನು ಆರಿಸಿ ಮುಂದೆ ಸಾಗುತ್ತದೆ. ಅದರಿಂದ ತಪ್ಪುಗಳ ಸಂಖ್ಯೆ ಕಡಿಮೆಯಾಗುವುದು ನಿಜ. ಆದರೆ ಉಳಿದ ತಪ್ಪುಗಳೆಲ್ಲ ಸರಿಯಂತೆ ಕಾಣುವ ತಪ್ಪುಗಳಾಗುತ್ತವೆ. ನೂರಕ್ಕೆ 96 ಎಂಬ ಅಂಕವನ್ನು ನೋಡಿ ಹಿಗ್ಗುವವರು ಉಳಿದ ನಾಲ್ಕು ಎಲ್ಲಿ ಬಿದ್ದಿವೆ ಎಂದು ಕೇಳಬೇಕು. ಅವು ಸರ್ವನಾಮ ಪ್ರತ್ಯಯಗಳಲ್ಲಿ ಬಿದ್ದಿದ್ದರೆ ಯಾರಾದರೂ ತಿದ್ದಿಕೊಂಡಾರು. ಊರ ಹೆಸರು, ವ್ಯಕ್ತಿಯ ಹೆಸರು, ಒಮ್ಮೆ ಮಾತ್ರ ಬಳಕೆಯಾದ ಶಬ್ದ, ಇಂಥ ಕಡೆಗಳಲ್ಲಿ ಬಿದ್ದಿದ್ದರೆ? ಎಣಿಕೆಯ ನೆರವು ಎಲ್ಲಿ ಅತ್ಯಲ್ಪವೋ ಅಲ್ಲಿಯೇ ಯಂತ್ರ ಎಡವುತ್ತದೆ. ವಿದ್ವಾಂಸನು ಹಸ್ತಪ್ರತಿಗೆ ಹೋಗುವುದೂ ಹೆಚ್ಚಾಗಿ ಅಂಥ ಶಬ್ದಗಳಿಗಾಗಿಯೇ.

ಅನಂತರ ಬಂದ ತಂತ್ರಾಂಶಗಳು ಗೀಟುಗಳನ್ನು ತುಂಡರಿಸುವ ಕ್ರಮವನ್ನು ಬಿಟ್ಟು ಇಡೀ ಸಾಲನ್ನು ಒಟ್ಟಿಗೆ ಓದುತ್ತವೆ. ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ ಬೆಳೆದು 2019ರಿಂದ ಸಹಕಾರಿ ಸಂಘದ ಆಡಳಿತದಲ್ಲಿ ನಡೆಯುತ್ತಿರುವ ಟ್ರಾನ್ಸ್‌ಕ್ರಿಬಸ್, ಪ್ಯಾರಿಸ್ಸಿನ ವಿದ್ವಾಂಸರು ಮುಕ್ತ ತಂತ್ರಾಂಶವಾಗಿ ರೂಪಿಸಿದ ಇ-ಸ್ಕ್ರಿಪ್ಟೋರಿಯಂ ಇವು ಪ್ರಸಿದ್ಧವಾದುವು. ಇವುಗಳಿಗೆ ಬೇಕಾದುದು ಮನುಷ್ಯರು ಮಾಡಿಕೊಟ್ಟ ಮಾದರಿ ಪ್ರತಿ: ಸಾಲಿನ ಚಿತ್ರ, ಅದರ ಎದುರಿಗೆ ಅದರ ಓದು. ಇಂಥ ಸಾವಿರಾರು ಸಾಲುಗಳನ್ನು ಕಂಡ ಯಂತ್ರವು ಅಕ್ಷರವನ್ನೂ ಭಾಷೆಯ ವಾಡಿಕೆಯನ್ನೂ ಒಟ್ಟೊಟ್ಟಿಗೇ ಕಲಿಯುತ್ತದೆ. ಇಲ್ಲಿ ಅಜ್ಞನೂ ಪಂಡಿತನೂ ಒಂದೇ ಮೈಯಲ್ಲಿ ಸೇರಿಹೋಗಿರುವುದರಿಂದ, ಯಾವ ಅಕ್ಷರವನ್ನು ಕಂಡು ಬರೆಯಿತು, ಯಾವುದನ್ನು ಊಹಿಸಿ ಬರೆಯಿತು ಎಂದು ಬೇರ್ಪಡಿಸುವುದು ಮೊದಲಿಗಿಂತ ಕಠಿಣ. ಈಚಿನ ಕೃತಕ ಬುದ್ಧಿಮತ್ತೆಯ ದೊಡ್ಡ ಭಾಷಾಮಾದರಿಗಳಂತೂ ಹರಿದುಹೋದ ಜಾಗವನ್ನೂ ತಡೆಯಿಲ್ಲದೆ ತುಂಬಿಕೊಟ್ಟುಬಿಡುವುದುಂಟು. ಮಾನವ ಸಂಪಾದಕನು ತಾನು ತುಂಬಿದ ಅಕ್ಷರವನ್ನು ಕಂಸದಲ್ಲಿ ಇಡುವ ಸೌಜನ್ಯವನ್ನಾದರೂ ತೋರುತ್ತಾನೆ.

ಪಶ್ಚಿಮದ ವಿದ್ವಾಂಸರು ಈ ಅಪಾಯವನ್ನು ಕಾಣದವರಲ್ಲ. 2024ರಲ್ಲಿ ಪ್ರಕಟವಾದ 'ಕ್ಯಾಟ್ಮಸ್' ಎಂಬ ಮಾದರಿಪ್ರತಿಗಳ ಸಂಗ್ರಹದಲ್ಲಿ ಎಂಟನೆಯ ಶತಮಾನದಿಂದ ಹದಿನಾರನೆಯ ಶತಮಾನದವರೆಗಿನ, ಹತ್ತು ಭಾಷೆಗಳ, 200ಕ್ಕೂ ಹೆಚ್ಚು ಹಸ್ತಪ್ರತಿಗಳೂ ಆದಿಮುದ್ರಣಗಳೂ ಸೇರಿವೆ. ಸಾಲುಗಳ ಸಂಖ್ಯೆ 1,60,000ಕ್ಕೂ ಮಿಗಿಲು. ಸಂಖ್ಯೆಗಿಂತಲೂ ಅವರು ಒಪ್ಪಿಕೊಂಡ ಒಂದು ನಿಯಮವು ನಮಗೆ ಮುಖ್ಯ. ಸಂಕ್ಷೇಪಚಿಹ್ನೆಯನ್ನು ಬಿಡಿಸಿ ಬರೆಯತಕ್ಕದ್ದಲ್ಲ. ಹಾಳೆಯ ಮೇಲೆ ಚಿಹ್ನೆಯಿದ್ದರೆ ಪ್ರತಿಯಲ್ಲಿಯೂ ಚಿಹ್ನೆಯೇ ಇರಬೇಕು. ಬಿಡಿಸುವುದು ಸಂಪಾದಕನ ಕೆಲಸ, ಅದು ಆಮೇಲಿನದು. ಯಂತ್ರಕ್ಕೆ ಕಲಿಸುವಾಗಲೇ ಬಿಡಿಸಿದ ರೂಪವನ್ನು ಕೊಟ್ಟರೆ ಅದು ತಾನು ಕಾಣದ ಅಕ್ಷರಗಳನ್ನು ಕಾಣಲು ಕಲಿಯುತ್ತದೆ. ಇದು ಬಹಳ ವಿವೇಕದ ನಿರ್ಣಯ. ಇದರ ಬೆಲೆ ನಮ್ಮ ಓಲೆಗರಿಯ ಮುಂದೆ ಕುಳಿತಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಓಲೆಯ ಮೇಲೆ ಅಕ್ಷರವು ಮಸಿಯಿಂದ ಬರೆದುದಲ್ಲ, ಕಂಠದಿಂದ ಕೊರೆದುದು. ಕೊರೆದ ಗೆರೆಯೊಳಗೆ ಮಸಿ ತುಂಬಿದಾಗಲೇ ಅದು ಕಣ್ಣಿಗೆ ಕಾಣುತ್ತದೆ. ಗರಿಯ ನಾರು ಉದ್ದುದ್ದಕ್ಕೆ ಸೀಳಿದರೆ ಅಲ್ಲಿಯೂ ಮಸಿ ಸೇರಿ ಇಲ್ಲದ ಗೀಟೊಂದು ಮೂಡುತ್ತದೆ. ಹುಳು ಕೊರೆದ ತೂತು ಅಕ್ಷರದ ಬಲಮಗ್ಗುಲಿಗೆ ಬಿದ್ದರೆ ಸೊನ್ನೆಯಂತೆಯೇ ತೋರುತ್ತದೆ. ಪದಗಳ ನಡುವೆ ಬಿಡುವಿಲ್ಲ. ಸಾಲುಗಳು ಇಕ್ಕಟ್ಟಾಗಿರುವುದರಿಂದ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ; ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕುಳಿತುಕೊಳ್ಳುವ ಲ್ಯಾಟಿನ್ ಬರಹಕ್ಕಾಗಿ ಹುಟ್ಟಿದ ತಂತ್ರಾಂಶಕ್ಕೆ ಇದು ದೊಡ್ಡ ಗೊಂದಲ. ದ ಕಾರ ಧ ಕಾರಗಳ ಭೇದವು ಕೆಳಗಿನ ಒಂದು ಸಣ್ಣ ಸೀಳಿನಲ್ಲಿದೆ. ತಾಳೆಗರಿಯ ಬರಹವನ್ನು ಯಂತ್ರದಿಂದ ಓದಿಸುವ ಯತ್ನಗಳು ಬಾಲಿ, ಖ್ಮೇರ್, ಸುಂದಾ ಲಿಪಿಗಳಲ್ಲಿ ನಡೆದು 2018ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೂ ಏರ್ಪಟ್ಟಿತ್ತು. 2019ರಲ್ಲಿ ಹೈದರಾಬಾದಿನ ಐಐಐಟಿಯ ಸಂಶೋಧಕರು ಭಾರತೀಯ ಹಸ್ತಪ್ರತಿಗಳ ಪುಟವಿನ್ಯಾಸವನ್ನು, ಎಂದರೆ ಸಾಲು ಯಾವುದು, ರಂಧ್ರ ಯಾವುದು, ಚಿತ್ರ ಯಾವುದು ಎಂಬುದನ್ನು, ಯಂತ್ರವು ಗುರುತಿಸುವಂತೆ ಮಾಡುವ ಸಂಗ್ರಹವನ್ನು ಪ್ರಕಟಿಸಿದರು. ಈ ಬಾಹ್ಯ ತೊಡಕುಗಳು ಇಂದಲ್ಲ ನಾಳೆ ನಿವಾರಣೆಯಾಗತಕ್ಕವು. ಅವುಗಳ ಬಗ್ಗೆ ನನಗೆ ಹೆಚ್ಚಿನ ಚಿಂತೆಯಿಲ್ಲ.

ಚಿಂತೆಯಿರುವುದು ಬೇರೊಂದೆಡೆ. ಹಳೆಯ ಓಲೆಗಳಲ್ಲಿ ಎ ಏ, ಒ ಓ ಇವುಗಳ ಹ್ರಸ್ವದೀರ್ಘ ಭೇದವನ್ನು ಬಹುಮಟ್ಟಿಗೆ ತೋರಿಸುವುದಿಲ್ಲವೆಂಬುದು ವಿದಿತವಾದ ಸಂಗತಿ. ಹೊಗು ಎಂದರೆ ಒಳಸೇರು, ಹೋಗು ಎಂದರೆ ತೆರಳು. ಓಲೆಯ ಮೇಲೆ ಎರಡಕ್ಕೂ ಒಂದೇ ರೂಪ. 'ಹೊಗದ' ಎಂದಿದ್ದರೆ ಒಳಸೇರದ ಎಂದೋ ತೆರಳದ ಎಂದೋ ಸಂದರ್ಭವನ್ನು ನೋಡಿ ನಿರ್ಣಯಿಸಬೇಕು. ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಬೆರೆ ಎಂದರೆ ಕೂಡು, ಒಂದಾಗು. ಬೇರೆ ಎಂದರೆ ಪ್ರತ್ಯೇಕ. ಹಳಗನ್ನಡದಲ್ಲಿ ಎರಡನೆಯದು ಶಕಟರೇಫದಿಂದ ಬೇಱೆ ಎಂದಿದ್ದುದರಿಂದ, ದೀರ್ಘದ ಗುರುತಿಲ್ಲದಿದ್ದರೂ ಇವೆರಡನ್ನು ಗುರುತಿಸಲು ಬರುತ್ತಿತ್ತು. ಶಕಟರೇಫವು ಬಳಕೆ ತಪ್ಪಿದ ಮೇಲೆ ಲಿಪಿಯಲ್ಲಿ ಇವೆರಡೂ ಒಂದಾದವು. ಅಂಗಲಿಂಗಗಳ ಸಂಬಂಧವನ್ನು ನಿರೂಪಿಸುವ ವಚನದಲ್ಲಿ ಒಂದಾಗುವುದನ್ನು ಹೇಳುವ ಶಬ್ದಕ್ಕೂ ಪ್ರತ್ಯೇಕವಾಗಿರುವುದನ್ನು ಹೇಳುವ ಶಬ್ದಕ್ಕೂ ಒಂದೇ ಲಿಪಿರೂಪವೆಂದರೆ ಅದರ ಪರಿಣಾಮವನ್ನು ಷಟ್‌ಸ್ಥಲದ ಅಭ್ಯಾಸಿಗಳಿಗೆ ವಿವರಿಸಬೇಕಾಗಿಲ್ಲ. ಪ್ರತ್ಯಯವೋ ಕ್ರಿಯಾರೂಪವೋ ನೆರವಿಗೆ ಬಂದಲ್ಲಿ ಸಂದೇಹ ಬಗೆಹರಿಯುತ್ತದೆ. ಗರಿಯ ಅಂಚು ಮುರಿದು ಮುಂದಿನ ಎರಡಕ್ಷರ ಹೋಗಿದ್ದರೆ ಬಗೆಹರಿಯುವುದಿಲ್ಲ. ಅಲ್ಲಿ ಪ್ರಾಮಾಣಿಕನಾದ ಪ್ರತಿಕಾರನು ಓಲೆಯಲ್ಲಿದ್ದ ಹ್ರಸ್ವರೂಪವನ್ನೇ ಇಟ್ಟು, ಸಂದೇಹವನ್ನು ಸಂದೇಹವಾಗಿಯೇ ಮುಂದಿನವರಿಗೆ ದಾಟಿಸುತ್ತಾನೆ.

ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲ ಬಾರಿಗೆ ಓಲೆಯಿಂದ ಪ್ರತಿ ಎತ್ತಿದ್ದು ನೆನಪಾಗುತ್ತದೆ. ಹ್ರಸ್ವವೆಲ್ಲ ದೀರ್ಘವಾಗಬೇಕಾದಲ್ಲಿ ದೀರ್ಘ ಮಾಡಿ, ಪದ ಬಿಡಿಸಿ, ವಿರಾಮಚಿಹ್ನೆ ಹಾಕಿ, ಹೆಮ್ಮೆಯಿಂದ ಗುರುಗಳ ಮುಂದಿಟ್ಟೆ. ಅವರು ಎರಡು ಹಾಳೆ ಓದಿ, “ಬಹಳ ಚೆನ್ನಾಗಿದೆಯಪ್ಪ, ಓಲೆಗಿಂತ ಚೆನ್ನಾಗಿದೆ. ಇನ್ನೊಂದು ಸಲ ಬರೆದುಕೊಂಡು ಬಾ” ಎಂದರು. ಎರಡನೆಯ ಸಲ ಬರೆಯುವಾಗ, ಮೊದಲನೆಯ ಪ್ರತಿಯಲ್ಲಿ ನಾನು ಎರಡು ಕಡೆ ಓಲೆಯಲ್ಲಿಲ್ಲದ ಅಕ್ಷರವನ್ನೇ ಸೇರಿಸಿದ್ದುದು ತಿಳಿಯಿತು. ಸೇರಿಸಿದೆನೆಂಬ ಅರಿವೇ ನನಗಿರಲಿಲ್ಲ.

ವಚನಗಳ ಓಲೆಯನ್ನು ಓದುವ ಯಂತ್ರವೊಂದನ್ನು ಸಿದ್ಧಪಡಿಸಬೇಕೆಂದು ಯಾರಾದರೂ ಹೊರಟರೆ ಅವರಿಗೆ ಮೊದಲು ಹೊಳೆಯುವ ಉಪಾಯ ಯಾವುದು? ಅಚ್ಚಾದ ಪಾಠ ಸಿದ್ಧವಾಗಿದೆ. 1923ರಲ್ಲಿ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಂದಿನಿಂದ 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಹದಿನೈದು ಸಂಪುಟಗಳ 'ಸಮಗ್ರ ವಚನ ಸಂಪುಟ'ದವರೆಗೆ ಎಷ್ಟೋ ಮಹನೀಯರ ತಪಸ್ಸು ಅದರ ಹಿಂದಿದೆ. ಆ ವಚನಗಳು ಗಣಕದಲ್ಲಿಯೂ ದೊರೆಯುತ್ತವೆ. ಓಲೆಯ ಸಾಲಿನ ಚಿತ್ರವನ್ನೂ ಸಂಪುಟದ ಸಾಲನ್ನೂ ಎದುರುಬದುರು ಇಟ್ಟರೆ ಮಾದರಿಪ್ರತಿ ತಯಾರಾಯಿತು. ಹೊಸದಾಗಿ ಪ್ರತಿ ಎತ್ತುವ ಶ್ರಮ ತಪ್ಪಿತು. ಇದೇ ನಾನು ಭಯಪಡುವ ಉಪಾಯ.

ಏಕೆಂದರೆ ಸಂಪುಟದ ಪಾಠವು ಯಾವ ಒಂದು ಓಲೆಯ ಪಾಠವೂ ಅಲ್ಲ. ಅದು ಹಲವು ಓಲೆಗಳನ್ನು ತೂಗಿ ನೋಡಿ ಸಂಪಾದಕರು ನಿರ್ಣಯಿಸಿದ ಪಾಠ. ಹ್ರಸ್ವದೀರ್ಘಗಳು ಅಲ್ಲಿ ಬಗೆಹರಿದಿವೆ, ಪದಗಳು ಬಿಡಿಸಲ್ಪಟ್ಟಿವೆ, ಲಿಪಿಕಾರನ ಸ್ಖಾಲಿತ್ಯಗಳು ತಿದ್ದಲ್ಪಟ್ಟಿವೆ. ಇದನ್ನು ಕಲಿತ ಯಂತ್ರವು ನಾಳೆ ಯಾರೂ ನೋಡದ ಕಟ್ಟೊಂದನ್ನು ಓದುವಾಗ, ಅಲ್ಲಿ ಭಿನ್ನವಾದ ಪಾಠವಿದ್ದರೂ ತಾನು ಕಲಿತ ಪಾಠವನ್ನೇ ಕಾಣುವ ಸಂಭವ ಹೆಚ್ಚು. ಒಂದೇ ವಚನವು ಹತ್ತು ಓಲೆಗಳಲ್ಲಿದ್ದರೆ ಹತ್ತರಿಂದಲೂ ಅಚ್ಚಿನ ಪಾಠವೇ ಹೊರಬಂದೀತು. ಆಗ ಸಂಪಾದಕನು, ಹತ್ತು ಓಲೆಗಳ ಸಮ್ಮತಿ ದೊರೆಯಿತೆಂದು ಸಂತೋಷಪಟ್ಟಾನು! ಸಾಕ್ಷಿಗಳೆಲ್ಲ ಒಂದೇ ಬಾಯಿಂದ ಮಾತನಾಡಿದ್ದು ಅವನಿಗೆ ತಿಳಿಯುವುದು ಹೇಗೆ? ಶೂನ್ಯಸಂಪಾದನೆಯ ಸಂಗತಿಯನ್ನು ನೆನೆಯಬೇಕು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಎಂಬ ನಾಲ್ವರ ಸಂಕಲನಗಳಲ್ಲಿ ವಚನಗಳ ಆಯ್ಕೆಯೂ ಜೋಡಣೆಯೂ ಒಂದೇ ಬಗೆಯಲ್ಲಿಲ್ಲ. ಪರಂಪರೆಯು ಶರಣರ ಮಾತನ್ನು ಕಾಲಕಾಲಕ್ಕೆ ಹೇಗೆ ಗ್ರಹಿಸಿತೆಂಬುದನ್ನು ತಿಳಿಯುವುದು ಇಂಥ ವ್ಯತ್ಯಾಸಗಳಿಂದಲೇ. ವ್ಯತ್ಯಾಸವನ್ನು ಒರೆಸುವ ಸಾಧನವು ಎಷ್ಟೇ ಶೀಘ್ರಗಾಮಿಯಾದರೂ ಈ ಅಧ್ಯಯನಕ್ಕೆ ಉಪಾದೇಯವಲ್ಲ.

ಭಕ್ತರಾದ ವಾಚಕರು ಇದು ಪಂಡಿತರ ಜಗಳವೆಂದು ಬಿಡಬಾರದು. ನಿತ್ಯ ಪೂಜೆಯ ಹೊತ್ತಿನಲ್ಲಿ ಹೇಳಿಕೊಳ್ಳುವ ವಚನದಲ್ಲಿ ಶರಣನು ಆಡಿದ ಮಾತಿನ ಬದಲು, ಅಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಯಾರಾದರೂ ಆಡುವ ಮಾತು ಬಂದು ಕುಳಿತರೆ ನಷ್ಟ ಅವರದೂ ಹೌದು. ಶರಣರು ಸಾಮಾನ್ಯವಾಗಿ ಆಡುವ ಮಾತನ್ನು ಆಡಿದವರಲ್ಲ. ವಾಡಿಕೆಯ ಎಣಿಕೆಗೆ ಸಿಕ್ಕದ ಶಬ್ದ, ಕಾಯಕದ ಪರಿಭಾಷೆ, ಬೆಡಗು ಇವೆಲ್ಲ ಅವರಲ್ಲಿ ಹೆಜ್ಜೆಹೆಜ್ಜೆಗೆ ಇವೆ. ಬೆಡಗಿನ ವಚನದಲ್ಲಿ ಮುಂದಿನ ಶಬ್ದವನ್ನು ವಾಡಿಕೆಯಿಂದ ಊಹಿಸುವವನು ಎಷ್ಟು ದೂರ ಹೋದಾನು?

ಹಾಗೆಂದು ಯಂತ್ರವನ್ನು ದೂರವಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕಟ್ಟು ಬಿಚ್ಚಿ ನೋಡದೆ ಉಳಿದ ಓಲೆಗಳು ಎಷ್ಟಿವೆಯೆಂಬುದನ್ನು ಭಂಡಾರಗಳಲ್ಲಿ ದುಡಿದವರು ಬಲ್ಲರು. ಹುಳುವಿಗೂ ತೇವಕ್ಕೂ ಪಾಠಶುದ್ಧಿಯ ಚರ್ಚೆ ಮುಗಿಯುವ ತನಕ ಕಾಯುವ ತಾಳ್ಮೆಯಿಲ್ಲ. ಯಾವ ಕಟ್ಟಿನಲ್ಲಿ ಯಾವ ಕೃತಿಯಿದೆ, ಯಾವ ಅಂಕಿತ ಯಾವ ಗರಿಯಲ್ಲಿ ಬರುತ್ತದೆ ಎಂದು ಹುಡುಕಿಕೊಡಲು ನೂರಕ್ಕೆ ಎಂಬತ್ತು ಅಕ್ಷರ ಸರಿಯಿದ್ದರೂ ಸಾಕು. ಅಂಕಿತವಂತೂ ವಚನದ ಕೊನೆಯಲ್ಲಿ ಮರಳಿ ಮರಳಿ ಬರುವುದರಿಂದ ಯಂತ್ರಕ್ಕೆ ಅದು ಸುಲಭದ ತುತ್ತು. ಬಿಡಿಬಿಡಿಯಾಗಿ ಚೆದುರಿದ ಗರಿಗಳಲ್ಲಿ ಒಂದೇ ಕೈಬರಹದವನ್ನು ಕೂಡಿಸುವ ಕೆಲಸದಲ್ಲಿಯೂ ಅದರ ನೆರವು ದೊಡ್ಡದಾಗಬಹುದು. ಇಲ್ಲಿ ಯಂತ್ರ ದಾರಿ ತೋರಿಸುತ್ತದೆ, ಗರಿಯನ್ನು ಓದುವವನು ಮನುಷ್ಯನೇ. ಪಾಠ ನಿರ್ಣಯದ ಕೆಲಸಕ್ಕೆ ಅದನ್ನು ಕರೆಯುವುದಾದರೆ, ಕಲಿಸುವ ಮಾದರಿಯು ಓಲೆಯಿಂದಲೇ ಹೊಸದಾಗಿ, ಹ್ರಸ್ವವನ್ನು ಹ್ರಸ್ವವಾಗಿ, ತಪ್ಪನ್ನು ತಪ್ಪಾಗಿ ಇಳಿಸಿಕೊಂಡ ಪ್ರತಿಯಾಗಿರಬೇಕು. ಅದಕ್ಕೆ ಓಲೆ ಓದಬಲ್ಲ ಹತ್ತಾರು ಮಂದಿ ಬೇಕು. ಯಂತ್ರವು ಬಂದುದರಿಂದ ಹಳೆಯ ಲಿಪಿಯ ಅಭ್ಯಾಸ ಇನ್ನು ಬೇಡವೆಂದು ತರಗತಿಗಳಲ್ಲಿ ಅದನ್ನು ಕೈಬಿಟ್ಟರೆ ಯಂತ್ರಕ್ಕೆ ಕಲಿಸುವವರೂ ಇರುವುದಿಲ್ಲ, ಅದರ ತಪ್ಪನ್ನು ಹಿಡಿಯುವವರೂ ಇರುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ನಮ್ಮ ಹಳೆಯ ಲಿಪಿಕಾರರು ಗ್ರಂಥ ಮುಗಿದ ಮೇಲೆ ಸಂವತ್ಸರ, ಮಾಸ, ತಿಥಿಗಳನ್ನು ಬರೆದು, ತಮ್ಮ ಹೆಸರು, ಊರು, ಯಾರಿಗಾಗಿ ಬರೆದುದು ಎಂಬುದನ್ನು ತಿಳಿಸಿ, ಕೈತಪ್ಪನ್ನು ಬಲ್ಲವರು ಮನ್ನಿಸಬೇಕೆಂದು ಬಿನ್ನವಿಸಿಕೊಳ್ಳುತ್ತಿದ್ದರು. ಆ ನಾಲ್ಕು ಸಾಲುಗಳಿಂದಲೇ ಎಷ್ಟೋ ಪ್ರತಿಗಳ ಕಾಲದೇಶಗಳು ನಿರ್ಣಯವಾಗಿವೆ. ಯಂತ್ರದಿಂದ ಬಂದ ಪ್ರತಿಯನ್ನು ಪ್ರಕಟಿಸುವವರೂ ಅಂಥ ಪುಷ್ಪಿಕೆಯೊಂದನ್ನು ಕಡ್ಡಾಯವಾಗಿ ಸೇರಿಸಬೇಕು: ಯಾವ ತಂತ್ರಾಂಶ, ಯಾವ ವರ್ಷದ್ದು, ಯಾವ ಓಲೆಗಳಿಂದ ಕಲಿತದ್ದು, ಆ ಓಲೆಗಳ ಮಾದರಿ ಪಾಠವನ್ನು ಸಿದ್ಧಪಡಿಸಿದವರು ಯಾರು, ಯಂತ್ರದ ಓದನ್ನು ಗರಿಯೊಡನೆ ಹೋಲಿಸಿ ನೋಡಿದವರು ಯಾರು, ಎಷ್ಟು ಗರಿಗಳನ್ನು ನೋಡಿದರು, ಎಷ್ಟನ್ನು ನೋಡದೆ ಬಿಟ್ಟರು.